ಕೀಮಿಯಾದಿಂದ ರಸಾಯನಶಾಸ್ತ್ರದವರೆಗೆ: ಬೆರಕೆಯಿಲ್ಲದ ಇತಿಹಾಸ



ಕಳೆದ ತಿಂಗಳ ಸಂಚಿಕೆಯಲ್ಲಿ ಇಲ್ಮ್‌ನ ಮಹತ್ವದ ಬಗ್ಗೆ ನಾವು ನೀಡಿದ ಜುಮಾ ಖುತ್ಬಾದ ಸಾರಾಂಶ ಅಚ್ಚಾಗಿತ್ತು. ಅದರಲ್ಲಿ ಒಂದು ಮಾತು ಹೇಳಿದ್ದೆವು. ರಸಾಯನಶಾಸ್ತ್ರವನ್ನು ಕಂಡುಹಿಡಿದವರು ಜಾಬಿರ್ ಇಬ್ನ್ ಹಯ್ಯಾನ್, ಎಲ್ಲ ಆಮ್ಲಗಳನ್ನು ಮೊದಲು ತಯಾರಿಸಿದವರೂ ಅವರೇ, ಮೂಲವಸ್ತುಗಳ ಪಟ್ಟಿಯೂ ಅವರದೇ, ಯೂರೋಪಿನವರು ಅದನ್ನೆಲ್ಲ ತಮ್ಮ ಹೆಸರಿಗೆ ಬರೆದುಕೊಂಡರು ಎಂದು. ಜಮಾಅತಿನವರು ತಲೆದೂಗಿದರು. ನಮಾಝ್ ಮುಗಿದ ಮೇಲೆ ಹಲವರು ಮುಸಾಫಹಾ ಮಾಡಿ ಮೆಚ್ಚುಗೆ ಹೇಳಿ ಹೋದರು.

ಮೂರು ದಿನ ಬಿಟ್ಟು, ಮಗ್ರಿಬ್ ಆದ ಮೇಲೆ, ನಮ್ಮ ಮೊಹಲ್ಲಾದ ಒಬ್ಬ ಹುಡುಗಿ ತನ್ನ ಅಬ್ಬಾನ ಜೊತೆ ಬಂದಳು. ಒಂಬತ್ತನೇ ತರಗತಿಯಲ್ಲಿ ಓದುತ್ತಾಳೆ. ಕೈಯಲ್ಲಿ ವಿಜ್ಞಾನದ ಪುಸ್ತಕವಿತ್ತು.

"ಹಜರತ್, ನೀವು ಹೇಳಿದ್ದನ್ನು ನಾನು ಕ್ಲಾಸಿನಲ್ಲಿ ಹೇಳಿದೆ. ಟೀಚರ್ ಬಯ್ಯಲಿಲ್ಲ. ಯಾವ ಕಿತಾಬಿನಲ್ಲಿದೆ ಅಂತ ಕೇಳಿಕೊಂಡು ಬಾ ಅಂದರು. ನಮ್ಮ ಪುಸ್ತಕದಲ್ಲಿ ಬಾಯ್ಲ್, ಲಾವೋಸಿಯೆ ಅಂತ ಹೆಸರುಗಳಿವೆ. ಜಾಬಿರ್ ಅವರ ಯಾವ ಕಿತಾಬಿನಲ್ಲಿದೆ ಅಂತ ಹೇಳಿ, ಬರೆದುಕೊಳ್ಳುತ್ತೇನೆ" ಎಂದಳು.

ನಮ್ಮಲ್ಲಿ ಉತ್ತರವಿರಲಿಲ್ಲ. ಆ ಮಾತನ್ನು ನಾವು ಯಾವ ಕಿತಾಬಿನಲ್ಲೂ ಓದಿರಲಿಲ್ಲ. ಮೊಬೈಲಿಗೆ ಬಂದ ಒಂದು ಸಂದೇಶದಲ್ಲಿ ಓದಿ, ಖುಷಿಯಾಗಿ, ಹಾಗೇ ಮಿಂಬರಿನ ಮೇಲೆ ಹೇಳಿಬಿಟ್ಟಿದ್ದೆವು. ಕೇಳಿದ್ದನ್ನೆಲ್ಲ ಹೇಳುತ್ತ ಹೋಗುವುದೇ ಒಬ್ಬನು ಸುಳ್ಳುಗಾರನಾಗಲು ಸಾಕು ಎಂಬ ಅರ್ಥದ ಹದೀಸನ್ನು ನಾವೇ ಮಕ್ಕಳಿಗೆ ಕಲಿಸುತ್ತೇವೆ. "ಬೇಟಾ, ಸ್ವಲ್ಪ ದಿನ ಕೊಡು, ನೋಡಿ ಹೇಳುತ್ತೇವೆ" ಎಂದೆವು. ಮದ್ರಸದ ಓದು ಮುಗಿಸಿ ಆಮೇಲೆ ಬಿ.ಎ. ಮಾಡಿದ ನಮಗೆ ವಿಜ್ಞಾನ ದೂರದ ವಿಷಯ. ಆದರೆ ಇತಿಹಾಸ ಓದಿದ್ದೇವೆ. ಆ ದಾರಿಯಿಂದಲೇ ಹುಡುಕಿದೆವು. ಸಿಕ್ಕಿದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ಪಾಠ ಏನು ಹೇಳುತ್ತದೆ?

ಇತಿಹಾಸಕ್ಕೆ ಹೋಗುವ ಮೊದಲು ಆ ಹುಡುಗಿಯ ಪುಸ್ತಕದ ಪಾಠವನ್ನು ನಾವೂ ಕಲಿತೆವು. ಮನೆಯಲ್ಲಿ ಮಕ್ಕಳಿಗೆ ಹೇಳಿಕೊಡುವ ಅಬ್ಬಾ ಅಮ್ಮಿಯರಿಗೂ ಉಪಯೋಗವಾಗಲಿ.

ಜಗತ್ತಿನ ವಸ್ತುಗಳು ಸಾಮಾನ್ಯವಾಗಿ ಮೂರು ಸ್ಥಿತಿಯಲ್ಲಿ ನಮಗೆ ಕಾಣುತ್ತವೆ: ಘನ, ದ್ರವ, ಅನಿಲ. ಮಂಜುಗಡ್ಡೆ, ನೀರು, ಹಬೆ, ಮೂರೂ ಒಂದೇ ವಸ್ತು. ಶಾಖ ಕೊಟ್ಟರೆ, ತೆಗೆದರೆ ಸ್ಥಿತಿ ಬದಲಾಗುತ್ತದೆ, ವಸ್ತು ಬದಲಾಗುವುದಿಲ್ಲ.

ಇನ್ನು ವಸ್ತುಗಳ ವಿಂಗಡಣೆ. ರಾಸಾಯನಿಕ ಕ್ರಿಯೆಯಿಂದ ಇನ್ನೂ ಸರಳವಾದದ್ದಾಗಿ ಒಡೆಯಲು ಬಾರದ್ದು ಮೂಲವಸ್ತು. ಚಿನ್ನ, ಬೆಳ್ಳಿ, ಕಬ್ಬಿಣ, ಗಂಧಕ, ಪಾದರಸ ಈ ಜಾತಿಯವು. ಎರಡು ಅಥವಾ ಹೆಚ್ಚು ಮೂಲವಸ್ತುಗಳು ಗೊತ್ತಾದ ಪ್ರಮಾಣದಲ್ಲಿ ಕೂಡಿ ಹೊಸ ಗುಣದ ವಸ್ತುವಾದರೆ ಅದು ಸಂಯುಕ್ತ. ನೀರು, ಅಡುಗೆ ಉಪ್ಪು ಇದಕ್ಕೆ ಉದಾಹರಣೆ. ಹೇಗೆ ಬೇಕಾದರೂ, ಎಷ್ಟು ಬೇಕಾದರೂ ಬೆರೆಸಬಹುದಾದದ್ದು ಮಿಶ್ರಣ. ಅದರಲ್ಲಿ ಪ್ರತಿಯೊಂದೂ ತನ್ನ ಗುಣವನ್ನು ಉಳಿಸಿಕೊಂಡಿರುತ್ತದೆ. ಇಫ್ತಾರಿನ ಶರಬತ್ತು ಮಿಶ್ರಣವೇ. ಸೋಸಿ, ಆವಿಯಾಗಿಸಿ, ಭಟ್ಟಿ ಇಳಿಸಿ ಮಿಶ್ರಣವನ್ನು ಬೇರ್ಪಡಿಸಬಹುದು.

ಜಾಬಿರ್ ಹೆಸರಿನ ಕಿತಾಬುಗಳು

ಈಗ ಇತಿಹಾಸ. ಗ್ರೀಕರು ಎಲ್ಲ ವಸ್ತುಗಳೂ ಮಣ್ಣು, ನೀರು, ಗಾಳಿ, ಬೆಂಕಿ ಎಂಬ ನಾಲ್ಕರಿಂದ ಆದವು ಎನ್ನುತ್ತಿದ್ದರು. ಬಿಸಿ, ತಂಪು, ಒಣ, ತೇವ ಎಂಬ ನಾಲ್ಕು ಗುಣಗಳನ್ನು ಅದಕ್ಕೆ ಜೋಡಿಸಿದ್ದರು. 762ರಲ್ಲಿ ಬಗ್ದಾದ್ ನಗರ ಕಟ್ಟಿದ ಮೇಲೆ ಅಬ್ಬಾಸೀ ಖಲೀಫರ ಕಾಲದಲ್ಲಿ ಗ್ರೀಕ್, ಸಿರಿಯಾಕ್, ಪಾರಸಿ, ಸಂಸ್ಕೃತದ ಕಿತಾಬುಗಳು ಅರಬಿಗೆ ಬಂದವು. ನಾಲ್ಕು ಧಾತುಗಳ ಈ ವಿಚಾರವೂ ಹಾಗೇ ಬಂತು.

ಜಾಬಿರ್ ಇಬ್ನ್ ಹಯ್ಯಾನ್ ಎಂಟನೇ ಶತಮಾನದವರು, ಕೂಫಾದವರು, ಇಮಾಮ್ ಜಅಫರ್ ಸಾದಿಕ್ (ರ) ಅವರ ಶಿಷ್ಯರು ಎಂದು ಪರಂಪರೆ ಹೇಳುತ್ತದೆ. ಅವರ ಹೆಸರಿನಲ್ಲಿ ಸುಮಾರು 3,000 ಕಿರುಹೊತ್ತಿಗೆ, ಗ್ರಂಥಗಳ ಪಟ್ಟಿಯಿದೆ. ಒಬ್ಬ ಮನುಷ್ಯ ಇಷ್ಟು ಬರೆಯಲು ಸಾಧ್ಯವೇ ಎಂಬ ಪ್ರಶ್ನೆ ಇಂದಿನದಲ್ಲ. ಬಗ್ದಾದಿನ ಪುಸ್ತಕ ವ್ಯಾಪಾರಿ ಇಬ್ನ್ ನದೀಮ್ 987ರಲ್ಲಿ ಬರೆದ 'ಫಿಹ್ರಿಸ್ತ್'ನಲ್ಲೇ, ಜಾಬಿರ್ ಎಂಬವರು ಇದ್ದರೇ ಎಂದು ಕೆಲವರು ಸಂದೇಹ ಪಡುತ್ತಾರೆಂದು ಬರೆದು, ಇದ್ದರು ಎಂದು ತಾವು ವಾದಿಸಿದ್ದಾರೆ. ಈ ಗ್ರಂಥಗಳನ್ನು ವರ್ಷಗಟ್ಟಲೆ ಪರಿಶೀಲಿಸಿದ ವಿದ್ವಾಂಸ ಪೌಲ್ ಕ್ರೌಸ್ 1940ರ ದಶಕದಲ್ಲಿ, ಇವು ಒಬ್ಬರದಲ್ಲ, ಒಂಬತ್ತನೇ ಶತಮಾನದ ಕೊನೆಯಿಂದ ಹತ್ತನೇ ಶತಮಾನದವರೆಗೆ ಹಲವರು ಸೇರಿ ಬರೆದವು ಎಂಬ ತೀರ್ಮಾನಕ್ಕೆ ಬಂದರು. ಅದನ್ನು ಒಪ್ಪದ ವಿದ್ವಾಂಸರೂ ಇದ್ದಾರೆ. ಆದರೆ ಆ ಕಿತಾಬುಗಳು ಇವೆ, ಅವು ಅರಬಿಯಲ್ಲಿವೆ, ಅವುಗಳಲ್ಲಿ ಕೈಯಾರೆ ಮಾಡಿದ ಕೆಲಸದ ವಿವರಗಳಿವೆ. ಇದರಲ್ಲಿ ಯಾರಿಗೂ ಸಂದೇಹವಿಲ್ಲ.

ಲೋಹಗಳೆಲ್ಲ ಭೂಮಿಯೊಳಗೆ ಗಂಧಕ ಮತ್ತು ಪಾದರಸ ಬೇರೆ ಬೇರೆ ಪ್ರಮಾಣದಲ್ಲಿ ಕೂಡಿ ಆದವು ಎಂಬ ವಿಚಾರ ಆ ಗ್ರಂಥಗಳಲ್ಲಿದೆ. ಇದು ತಪ್ಪು ಎಂದು ಇಂದು ಗೊತ್ತು. ಆದರೂ ನೂರಾರು ವರ್ಷ ಯೂರೋಪಿನವರೂ ಇದನ್ನೇ ನಂಬಿದ್ದರು. ಇದಕ್ಕಿಂತ ಹೆಚ್ಚು ಬಾಳಿದ್ದು ಅವರ ಕೆಲಸದ ವಿಧಾನಗಳು. 'ತಕ್ತೀರ್' ಎಂದರೆ ಹನಿಹನಿಯಾಗಿ ಇಳಿಸುವುದು, ಅಂದರೆ ಭಟ್ಟಿ ಇಳಿಸುವುದು. 'ತಸ್ಈದ್' ಎಂದರೆ ಮೇಲೇರಿಸುವುದು. ಘನವಸ್ತು ನೀರಾಗದೆ ನೇರವಾಗಿ ಆವಿಯಾಗಿ ಮೇಲೇರುವುದನ್ನು ಇಂದು ಶಾಲೆಯಲ್ಲಿ ಉತ್ಪತನ ಎನ್ನುತ್ತಾರೆ.

ಇದನ್ನು ನೋಡಲು ಪ್ರಯೋಗಾಲಯಕ್ಕೆ ಹೋಗಬೇಕಿಲ್ಲ. ತಾಮ್ರದ ದೇಗ್‌ಗೆ ಕಲಾಯಿ ಹಾಕುವವರು ನಮ್ಮ ಸಮುದಾಯದಲ್ಲಿ ತಲೆಮಾರುಗಳಿಂದ ಇದ್ದಾರೆ. 'ಕಲಾಯಿ' ಎಂಬ ಮಾತೇ ತವರಕ್ಕೆ ಇರುವ ಅರಬಿ ಹೆಸರಿನಿಂದ ಬಂದದ್ದು. ಕಾದ ಪಾತ್ರೆಗೆ ಅವರು ಹತ್ತಿಯಲ್ಲಿ ಒಂದು ಬಿಳಿ ಪುಡಿ ಉಜ್ಜುತ್ತಾರೆ, ದಟ್ಟ ಬಿಳಿ ಹೊಗೆ ಏಳುತ್ತದೆ. ಅದು ನವಸಾಗರ. ಅರಬಿಯಲ್ಲಿ ನೂಶಾದಿರ್, ಉರ್ದುವಿನಲ್ಲಿ ನೌಶಾದರ್, ಶಾಲೆಯಲ್ಲಿ ಅಮೋನಿಯಂ ಕ್ಲೋರೈಡ್. ಕಾಯಿಸಿದರೆ ಅದು ಕರಗಿ ನೀರಾಗುವುದಿಲ್ಲ, ಹೊಗೆಯಾಗಿ ಮೇಲೇರಿ ತಣ್ಣನೆಯ ಜಾಗದಲ್ಲಿ ಮತ್ತೆ ಬಿಳಿ ಪುಡಿಯಾಗಿ ಕೂರುತ್ತದೆ. ಹೋಗುವಾಗ ಪಾತ್ರೆಯ ಕಿಲುಬನ್ನು ತೆಗೆದು, ತವರ ಹಿಡಿಯುವಂತೆ ಮಾಡುತ್ತದೆ. ಜಾಬಿರ್ ಹೆಸರಿನ ಗ್ರಂಥಗಳು ಈ ನವಸಾಗರಕ್ಕೆ ಬಹಳ ದೊಡ್ಡ ಸ್ಥಾನ ಕೊಟ್ಟವು.

ನಮ್ಮ ಬೀದರಿನ ಬಿದ್ರಿ ಕೆಲಸದಲ್ಲೂ ಇದೇ ನವಸಾಗರವಿದೆ. ಬಹಮನಿ ಸುಲ್ತಾನರ ಕಾಲದ ಆಶ್ರಯದಿಂದ ಬೆಳೆದ ಈ ಕಲೆಯಲ್ಲಿ ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ಯುತ್ತಾರೆ. ಲೋಹಕ್ಕೆ ಲೋಹ ಸೇರಿದ ಇಂಥದ್ದು ಮಿಶ್ರಲೋಹ, ಅಂದರೆ ಎಲ್ಲ ಕಡೆ ಸಮನಾಗಿ ಬೆರೆತ ಮಿಶ್ರಣ. ಬೆಳ್ಳಿಯ ತಂತಿ ಕೂರಿಸಿದ ಮೇಲೆ, ಬೀದರ್ ಕೋಟೆಯ ಮಣ್ಣಿಗೆ ನವಸಾಗರ ಕಲಸಿ ಹಚ್ಚುತ್ತಾರೆ. ಸತುವಿನ ಭಾಗ ಕಪ್ಪಾಗುತ್ತದೆ, ಬೆಳ್ಳಿ ಹೊಳೆಯುತ್ತಲೇ ಇರುತ್ತದೆ.

ರಾಝಿಯವರ ವಿಂಗಡಣೆ

ನಮ್ಮ ಹುಡುಗಿಯ ಪುಸ್ತಕಕ್ಕೆ ಹತ್ತಿರ ಬರುವ ಕೆಲಸ ಮಾಡಿದವರು ರಯ್ ನಗರದ ಅಬೂ ಬಕರ್ ಮುಹಮ್ಮದ್ ಇಬ್ನ್ ಝಕರಿಯ್ಯಾ ರಾಝಿ. ಕಾಲ ಸುಮಾರು 865ರಿಂದ 925. ದೊಡ್ಡ ಹಕೀಮರು, ಆಸ್ಪತ್ರೆ ನಡೆಸಿದವರು. ಅವರ ಕೆಲವು ತತ್ವವಿಚಾರಗಳನ್ನು ಉಲಮಾಗಳು ಒಪ್ಪಿಲ್ಲ, ಅದು ಬೇರೆ ಮಾತು. 'ಕಿತಾಬುಲ್ ಅಸ್ರಾರ್' ಎಂಬ ಗ್ರಂಥದಲ್ಲಿ ಅವರು ವಸ್ತುಗಳನ್ನು ಪ್ರಾಣಿಜನ್ಯ, ಸಸ್ಯಜನ್ಯ, ಖನಿಜ ಎಂದು ವಿಂಗಡಿಸಿದರು. ಖನಿಜಗಳನ್ನು ಮತ್ತೆ ಆರು ಗುಂಪು ಮಾಡಿದರು. ಬೆಂಕಿಗೆ ಇಟ್ಟರೆ ಹಾರಿಹೋಗುವ ಪಾದರಸ, ಗಂಧಕ, ಹರಿದಾಳದ ಜಾತಿ, ನವಸಾಗರ ಇವುಗಳಿಗೆ 'ಅರ್ವಾಹ್' ಎಂದರು. ಕರಗುವ, ಬಡಿದರೆ ಅಗಲವಾಗುವ ಲೋಹಗಳಿಗೆ 'ಅಜ್ಸಾದ್' ಎಂದರು. ಉಳಿದವು ಕಲ್ಲುಗಳು, ತುತ್ತದ ಜಾತಿ, ಬಿಳಿಗಾರದ ಜಾತಿ, ಉಪ್ಪುಗಳು. ಜೊತೆಗೆ ಕುಲುಮೆ, ಮೂಸೆ, ತಿದಿ, ಇಕ್ಕಳ, ಭಟ್ಟಿಯ ಪಾತ್ರೆಗಳ ಪಟ್ಟಿಯನ್ನೂ ಕೊಟ್ಟರು.

ಹೆಸರು ಕೇಳಿ ಗುಟ್ಟು ಎನ್ನಬೇಡಿ. ನೋಡಿದ ಗುಣದ ಮೇಲೆ, ಬೆಂಕಿಯಲ್ಲಿ ಏನಾಗುತ್ತದೆ ಎಂಬುದರ ಮೇಲೆ ಅವರು ವಸ್ತುಗಳನ್ನು ಸಾಲಾಗಿ ಇಟ್ಟರು. ಆದರೆ ಇದು ಮೂಲವಸ್ತುಗಳ ಪಟ್ಟಿಯಲ್ಲ. ಗಂಧಕ ಮೂಲವಸ್ತು, ನವಸಾಗರ ಸಂಯುಕ್ತ. ರಾಝಿಯವರಲ್ಲಿ ಎರಡೂ ಒಂದೇ ಗುಂಪಿನಲ್ಲಿವೆ.

ಚಿನ್ನ ಮಾಡುವವರಿಗೆ ಇಲ್ಲ ಎಂದವರು

ಕೀಮಿಯಾ ಎಂದರೆ ಸೀಸವನ್ನು ಚಿನ್ನ ಮಾಡುವ ವಿದ್ಯೆ ಎಂದೇ ಬಹಳ ಜನರ ತಿಳುವಳಿಕೆ. ಆ ಆಸೆ ಆಗಲೂ ಇತ್ತು. ಆದರೆ ಅದು ಆಗದ ಮಾತು ಎಂದು ನೇರವಾಗಿ ಹೇಳಿದವರೂ ನಮ್ಮವರಲ್ಲೇ ಇದ್ದರು. ಒಂಬತ್ತನೇ ಶತಮಾನದಲ್ಲಿ ಕಿಂದಿ ಇದನ್ನು ಖಂಡಿಸಿದರು. ಅದೇ ಕಿಂದಿ ಅತ್ತರ್ ಮತ್ತು ಭಟ್ಟಿ ಇಳಿಸುವಿಕೆಯ ಬಗ್ಗೆ ನೂರಕ್ಕೂ ಹೆಚ್ಚು ವಿಧಾನಗಳಿರುವ ಕಿತಾಬು ಬರೆದರು ಎಂಬುದನ್ನು ಗಮನಿಸಿ. ಇಬ್ನ್ ಸೀನಾ (980–1037) ತಮ್ಮ 'ಶಿಫಾ' ಗ್ರಂಥದಲ್ಲಿ, ಈ ಕಸುಬಿನವರು ಲೋಹಕ್ಕೆ ಬಣ್ಣ ಕಟ್ಟಿ ಚಿನ್ನದಂತೆ ಕಾಣಿಸಬಲ್ಲರು, ಅದರ ಜಾತಿಯನ್ನೇ ಬದಲಾಯಿಸಲಾರರು ಎಂಬ ಅರ್ಥದ ಮಾತು ಬರೆದರು.

ಅವರ ಮಾತು ಸರಿಯಾಗಿತ್ತು. ಚಿನ್ನ ಮೂಲವಸ್ತು, ಸೀಸವೂ ಮೂಲವಸ್ತು. ಇಂದಿನ ಕೋಷ್ಟಕದಲ್ಲಿ ಚಿನ್ನದ ಸಂಖ್ಯೆ 79, ಸೀಸದ್ದು 82. ಯಾವ ಕುಲುಮೆಯ ಬೆಂಕಿಯೂ, ಯಾವ ಆಮ್ಲವೂ ಒಂದನ್ನು ಇನ್ನೊಂದು ಮಾಡಲಾರದು.

ಬೆರಕೆ ಹಿಡಿಯುವ ತಕ್ಕಡಿ

ಮಿಶ್ರಣವನ್ನು ಬೇರ್ಪಡಿಸುವುದು ನಮಗೆ ಶಾಲೆಯ ಪಾಠ ಮಾತ್ರವಲ್ಲ, ದೀನಿನ ವಿಷಯ ಕೂಡ. ಖೈಬರ್ ಸಂದರ್ಭದಲ್ಲಿ ಫಝಾಲಾ ಬಿನ್ ಉಬೈದ್ (ರ) ಅವರು ಚಿನ್ನ ಮತ್ತು ಮಣಿಗಳಿದ್ದ ಒಂದು ಹಾರವನ್ನು 12 ದೀನಾರಿಗೆ ಕೊಂಡರು. ಬಿಡಿಸಿ ನೋಡಿದರೆ ಅದರಲ್ಲಿ 12 ದೀನಾರಿಗಿಂತ ಹೆಚ್ಚು ಚಿನ್ನವಿತ್ತು. ವಿಷಯ ತಿಳಿದಾಗ ಪ್ರವಾದಿ(ಸ)ರು, ಬೇರ್ಪಡಿಸದೆ ಅಂಥದ್ದನ್ನು ಮಾರಬಾರದು ಎಂದರು. ಇನ್ನೊಮ್ಮೆ ಬಝಾರಿನಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿದಾಗ ಬೆರಳಿಗೆ ತೇವ ತಗುಲಿತು. ಮಳೆಗೆ ನೆನೆದದ್ದನ್ನು ಜನರಿಗೆ ಕಾಣುವಂತೆ ಮೇಲೆ ಏಕೆ ಇಡಲಿಲ್ಲ ಎಂದು ಕೇಳಿ, ಮೋಸ ಮಾಡುವವನು ನಮ್ಮವನಲ್ಲ ಎಂದು ಎಚ್ಚರಿಸಿದರು. ಎರಡೂ ಹದೀಸ್ ಸಹೀಹ್ ಮುಸ್ಲಿಮಿನಲ್ಲಿವೆ.

ಈ ಕಾಳಜಿಯೇ ಮುಂದೆ ಪೇಟೆಯ ಮೇಲ್ವಿಚಾರಕನಾದ ಮುಹ್ತಸಿಬ್‌ನ ಹುದ್ದೆಯಾಯಿತು. ಅವನಿಗಾಗಿ ಬರೆದ ಕೈಪಿಡಿಗಳಲ್ಲಿ ಹಾಲು, ಜೇನು, ಕೇಸರಿ, ಔಷಧಿಗಳ ಬೆರಕೆ ಹಿಡಿಯುವ ಉಪಾಯಗಳಿವೆ. ಹಾಲಿನಲ್ಲಿ ಕೂದಲೆಳೆ ಅದ್ದಿ ತೆಗೆದಾಗ ಹಾಲು ಅಂಟದಿದ್ದರೆ ನೀರು ಬೆರೆತಿದೆ ಎಂಬುದು ಅಂಥ ಒಂದು ಪರೀಕ್ಷೆ.

ಚಿನ್ನದ ವಿಷಯದಲ್ಲಿ ಕೂದಲೆಳೆ ಸಾಲದು. ಅಲ್-ಬಿರೂನಿ ಹನ್ನೊಂದನೇ ಶತಮಾನದಲ್ಲಿ ಒಂದು ವಿಶೇಷ ಪಾತ್ರೆ ಮಾಡಿಸಿದರು. ತುಂಬಿದ ನೀರಿಗೆ ಲೋಹವನ್ನೋ ರತ್ನವನ್ನೋ ಹಾಕಿದರೆ ಅದರ ಗಾತ್ರದಷ್ಟೇ ನೀರು ಕೊಳವೆಯಿಂದ ಹೊರಬರುತ್ತಿತ್ತು. ಆ ನೀರನ್ನು ತೂಗಿ, ಒಂದೊಂದು ವಸ್ತುವೂ ನೀರಿಗಿಂತ ಎಷ್ಟು ಪಟ್ಟು ಭಾರ ಎಂದು ಲೆಕ್ಕ ಹಾಕಿದರು. ಅವರ ಅಂಕಿಗಳು ಇಂದಿನವಕ್ಕೆ ಬಹಳ ಹತ್ತಿರವಿವೆ. ಶುದ್ಧ ಚಿನ್ನ ನೀರಿಗಿಂತ 19.3 ಪಟ್ಟು ಭಾರ, ಬೆಳ್ಳಿ 10.5 ಪಟ್ಟು. ಚಿನ್ನಕ್ಕೆ ಬೆಳ್ಳಿ ಬೆರೆಸಿದರೆ ಅಂಕಿ ಇಳಿಯುತ್ತದೆ, ಕಳ್ಳತನ ಸಿಕ್ಕಿಬೀಳುತ್ತದೆ.

ಮರ್ವ್ ನಗರದ ಅಲ್-ಖಾಝಿನಿ ಇದನ್ನು ಮುಂದುವರಿಸಿ, ಹಿಜರಿ 515ರಲ್ಲಿ (1121–22) 'ಮೀಝಾನುಲ್ ಹಿಕ್ಮಾ' ಬರೆದರು. ನೀರಿನಲ್ಲಿ ಮುಳುಗಿಸಿ ತೂಗುವ ಸೂಕ್ಷ್ಮ ತಕ್ಕಡಿಯನ್ನೂ, ಅದರಿಂದ ಮಿಶ್ರಲೋಹದಲ್ಲಿ ಚಿನ್ನವೆಷ್ಟು ಬೆಳ್ಳಿಯೆಷ್ಟು ಎಂದು ತಿಳಿಯುವ ಕ್ರಮವನ್ನೂ ಅದರಲ್ಲಿ ವಿವರಿಸಿದರು. ಇದರ ಬುನಾದಿ ಗ್ರೀಕರ ಆರ್ಕಿಮಿಡೀಸ್ ಹಾಕಿದ್ದು ಎಂದೂ ಬರೆದರು. ಯಾರಿಂದ ಏನು ಪಡೆದೆವು ಎಂದು ಹೇಳುವ ಪ್ರಾಮಾಣಿಕತೆ ಅವರಲ್ಲಿತ್ತು. ಅವರು ಮೂಲತಃ ಗುಲಾಮರಾಗಿದ್ದವರು. ಸುಲ್ತಾನ್ ಸಂಜರ್ ಕಳಿಸಿದ ಸಾವಿರ ದೀನಾರನ್ನು ಹಿಂದಿರುಗಿಸಿದರೆಂದು ಜೀವನಚರಿತ್ರೆಕಾರರು ಬರೆದಿದ್ದಾರೆ.

ಫುಕಹಾಗಳೂ ಇದೇ ಪ್ರಶ್ನೆಯನ್ನು ಬೇರೆ ದಾರಿಯಿಂದ ಎದುರಿಸಿದರು. ವಸ್ತು ಬೆರೆತಿದೆಯೋ, ಬದಲಾಗಿಯೇ ಹೋಗಿದೆಯೋ? ಮದ್ಯ ತಾನಾಗಿಯೇ ಹುಳಿತು ಸಿರ್ಕಾ ಆದರೆ ಅದು ಪಾಕ್, ಏಕೆಂದರೆ ವಸ್ತುವೇ ಬೇರೆಯಾಯಿತು. ಇದನ್ನು 'ಇಸ್ತಿಹಾಲಾ' ಎನ್ನುತ್ತಾರೆ. ಶಾಲೆಯಲ್ಲಿ ರಾಸಾಯನಿಕ ಬದಲಾವಣೆ ಎನ್ನುವುದಕ್ಕೆ ಇದು ಬಹಳ ಹತ್ತಿರದ ಮಾತು. ಆದರೆ ನೀರಿಗೆ ಮದ್ಯ ಬೆರೆಸಿದರೆ ಅದು ಬರೀ ಮಿಶ್ರಣ, ಹುಕುಮ್ ಬದಲಾಗುವುದಿಲ್ಲ.

ಹಾಗಾದರೆ ಮೂಲವಸ್ತು ಯಾರದು?

ಈಗ ಹುಡುಗಿಯ ಪ್ರಶ್ನೆಗೆ ಬರೋಣ. ಮೂಲವಸ್ತು ಎಂಬುದನ್ನು ಹೊಸ ಅರ್ಥದಲ್ಲಿ ಚರ್ಚೆಗೆ ತಂದವರು ಇಂಗ್ಲೆಂಡಿನ ರಾಬರ್ಟ್ ಬಾಯ್ಲ್, 1661ರಲ್ಲಿ. ಒಡೆಯಲು ಪ್ರಯತ್ನಿಸಿಯೂ ಒಡೆಯಲಾಗದ್ದೇ ಮೂಲವಸ್ತು ಎಂಬ, ಪ್ರಯೋಗದಿಂದ ಪರೀಕ್ಷಿಸಬಹುದಾದ ವ್ಯಾಖ್ಯೆ ಕೊಟ್ಟು 1789ರಲ್ಲಿ 33 ಹೆಸರುಗಳ ಪಟ್ಟಿ ಮಾಡಿದವರು ಫ್ರಾನ್ಸಿನ ಲಾವೋಸಿಯೆ. ಆ ಪಟ್ಟಿಯಲ್ಲಿ ಬೆಳಕು, ಶಾಖ ಕೂಡ ಇದ್ದವು, ಅದು ತಪ್ಪು. ಆದರೆ ನೀರು ಮೂಲವಸ್ತುವಲ್ಲ, ಹೈಡ್ರೋಜನ್ ಮತ್ತು ಆಕ್ಸಿಜನ್ ಕೂಡಿದ ಸಂಯುಕ್ತ ಎಂಬುದು ಆಗ ಖಚಿತವಾಗಿತ್ತು. 1869ರಲ್ಲಿ ರಷ್ಯಾದ ಮೆಂಡಲೀವ್ ಕೋಷ್ಟಕ ಮಾಡಿದರು. ಇಂದು 118 ಮೂಲವಸ್ತುಗಳು ಗೊತ್ತಿವೆ. ಜಾಬಿರ್ ಆಗಲಿ ರಾಝಿ ಆಗಲಿ ಈ ಪಟ್ಟಿ ಮಾಡಲಿಲ್ಲ.

ಆಮ್ಲಗಳ ವಿಷಯ? ಹದಿಮೂರನೇ ಶತಮಾನದ ಕೊನೆಯ ಹೊತ್ತಿಗೆ ಯೂರೋಪಿನಲ್ಲಿ 'ಗೇಬರ್' ಎಂಬ ಹೆಸರಿನಲ್ಲಿ ಕೆಲವು ಲ್ಯಾಟಿನ್ ಗ್ರಂಥಗಳು ಹುಟ್ಟಿದವು. ಗೇಬರ್ ಎಂದರೆ ಜಾಬಿರ್. ಜಾಬಿರ್ ಹೆಸರಿಗೆ ಅಲ್ಲಿ ಅಷ್ಟು ಗೌರವವಿತ್ತು. ಆದರೆ ಅವುಗಳಿಗೆ ಅರಬಿ ಮೂಲ ಸಿಕ್ಕಿಲ್ಲ. ಆ ಹೆಸರು ಹಾಕಿಕೊಂಡು ಯೂರೋಪಿನವರೇ ಬರೆದವು ಎಂದು ವಿದ್ವಾಂಸರು ಹೇಳುತ್ತಾರೆ. ನೈಟ್ರಿಕ್ ಆಮ್ಲ ತಯಾರಿಸುವ ಸ್ಪಷ್ಟ ವಿಧಾನ ಇರುವುದು ಅಂಥ ಲ್ಯಾಟಿನ್ ಗ್ರಂಥದಲ್ಲಿ. ನಾವು ಮಿಂಬರಿನಿಂದ ಹೇಳಿದ್ದಕ್ಕೆ ತದ್ವಿರುದ್ಧ. ಅವರು ನಮ್ಮವರ ಕೆಲಸಕ್ಕೆ ತಮ್ಮ ಹೆಸರು ಬರೆದುಕೊಂಡರು ಎಂದೆವು. ಇಲ್ಲಿ ಅವರು ತಮ್ಮ ಕೆಲಸಕ್ಕೆ ನಮ್ಮವರ ಹೆಸರು ಬರೆದಿದ್ದರು.

ಹಾಗೆಂದು ನಮ್ಮವರ ಕೊಡುಗೆ ಕಡಿಮೆಯಲ್ಲ. ಕೆಮಿಸ್ಟ್ರಿ ಎಂಬ ಹೆಸರೇ 'ಅಲ್-ಕೀಮಿಯಾ'ದ ಮೂಲಕ ಬಂತು. ಆಲ್ಕಲಿ ಎಂಬುದು ಗಿಡ ಸುಟ್ಟ ಬೂದಿಗೆ ಅರಬರು ಹೇಳುತ್ತಿದ್ದ 'ಅಲ್-ಕಲೀ'. ಆಲ್ಕೋಹಾಲ್ ಎಂಬುದು ನಾವು ಕಣ್ಣಿಗೆ ಹಚ್ಚುವ ಸುರ್ಮಾದ ಹೆಸರು, 'ಅಲ್-ಕುಹ್ಲ್'. ನಯವಾದ ಪುಡಿಗೆ ಹೇಳುತ್ತಿದ್ದದ್ದು ಯೂರೋಪಿಗೆ ಹೋಗಿ ಅರ್ಥ ಬದಲಾಯಿಸಿಕೊಂಡಿತು. ಭಟ್ಟಿಯ ಪಾತ್ರೆ 'ಅಲ್-ಅಂಬೀಕ್' ಗ್ರೀಕರಿಂದ ಅರಬರಿಗೆ, ಅರಬರಿಂದ ಯೂರೋಪಿಗೆ ಹೋಯಿತು. ಇಲ್ಮ್ ಹೀಗೆಯೇ ಕೈಯಿಂದ ಕೈಗೆ ದಾಟುತ್ತ ಬಂದಿದೆ.

ಗೊತ್ತಿಲ್ಲದಿದ್ದರೆ ಏನಾಗುತ್ತದೆ?

ಇದೆಲ್ಲ ದುನಿಯಾದ ಓದು, ಹೆಣ್ಣುಮಕ್ಕಳಿಗೆ ಏಕೆ ಎಂದು ಕೇಳುವವರಿದ್ದಾರೆ. ನಮ್ಮ ಸಂಬಂಧಿಕರ ಮನೆಯೊಂದರ ಮಾತು ಹೇಳುತ್ತೇವೆ. ಮಧ್ಯಾಹ್ನ ಗಂಡಸರಿಲ್ಲದ ಹೊತ್ತಿನಲ್ಲಿ ಒಡವೆ ಪಾಲಿಶ್ ಮಾಡುತ್ತೇವೆಂದು ಇಬ್ಬರು ಬಂದರು. ಖಾಲಾ ತಮ್ಮ ಬಳೆಗಳನ್ನು ಕೊಟ್ಟರು. ಯಾವುದೋ ದ್ರವದಲ್ಲಿ ಅದ್ದಿ ತೆಗೆದು, ಫಳಫಳ ಹೊಳೆಯುವಂತೆ ಮಾಡಿ ಹೋದರು. ಆಮೇಲೆ ತೂಗಿಸಿದಾಗ ತೂಕ ಇಳಿದಿತ್ತು. ನೈಟ್ರಿಕ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲ ಸೇರಿಸಿದ ದ್ರವಕ್ಕೆ ಚಿನ್ನ ಕರಗುತ್ತದೆ. ಕರಗಿದ ಚಿನ್ನ ಎಲ್ಲೂ ಹೋಗುವುದಿಲ್ಲ, ಆ ದ್ರವದಲ್ಲೇ ಇರುತ್ತದೆ, ಅದನ್ನು ಅವರು ಡಬ್ಬಿಯಲ್ಲಿ ಹೊತ್ತುಕೊಂಡು ಹೋದರು. ಈ ಪಾಠ ಓದಿದ ಒಬ್ಬ ಮಗಳು ಆ ಮನೆಯಲ್ಲಿದ್ದಿದ್ದರೆ, ಬಾಗಿಲಲ್ಲೇ ತಡೆಯುತ್ತಿದ್ದಳು.

ಕಳೆದ ಜುಮಾದಲ್ಲಿ ನಾವು ಮಿಂಬರಿನ ಮೇಲಿಂದಲೇ ಹೇಳಿದೆವು: ಆ ಖುತ್ಬಾದಲ್ಲಿ ನಾವು ಹೇಳಿದ ಮಾತು ತಪ್ಪಾಗಿತ್ತು, ಒಂದು ಶಾಲಾ ಬಾಲಕಿ ನಮ್ಮನ್ನು ತಿದ್ದಿದಳು ಎಂದು. ಕೆಲವರಿಗೆ ಹಿಡಿಸಲಿಲ್ಲ. ಹೊರಗೆ ಬಂದ ಮೇಲೆ ಒಬ್ಬ ಹಿರಿಯರು, "ಮೌಲಾನಾ, ನಮ್ಮವರ ಹೆಸರು ದೊಡ್ಡದಾಗಿ ಹೇಳಿದರೆ ಏನು ನಷ್ಟ?" ಎಂದು ಕೇಳಿದರು. "ಚಾಚಾ, ಧಾನ್ಯದ ರಾಶಿಯಲ್ಲಿ ಒಳಗೆ ತೇವವಿತ್ತು, ಮೇಲೆ ಒಣಗಿತ್ತು. ನಾವು ಮಾಡಿದ್ದೂ ಅದೇ. ಮಗು ಕೈ ಹಾಕಿ ನೋಡಿತು" ಎಂದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹುಡುಗಿ ಯಾರ ಮಗಳು?" ಎಂದು ಕೇಳಿದರು.

ಹುಡುಗಿಗೆ ಕಿತಾಬುಗಳ ಹೆಸರು ಬರೆದುಕೊಟ್ಟಿದ್ದೇವೆ: ರಾಝಿಯವರ 'ಕಿತಾಬುಲ್ ಅಸ್ರಾರ್', ಖಾಝಿನಿಯವರ 'ಮೀಝಾನುಲ್ ಹಿಕ್ಮಾ'. ಟೀಚರ್ ಕೇಳಿದರೆ ಇವುಗಳನ್ನು ಧೈರ್ಯವಾಗಿ ಹೇಳು, ಮೂಲವಸ್ತುವಿನ ವ್ಯಾಖ್ಯೆ ಲಾವೋಸಿಯೆ ಅವರದೇ ಎಂದೂ ಹೇಳು ಎಂದೆವು. ಪೋಷಕರಲ್ಲಿ ನಮ್ಮ ವಿನಂತಿ ಇಷ್ಟೇ. ಮಕ್ಕಳು ಪ್ರಶ್ನೆ ತಂದಾಗ ಬಾಯಿ ಮುಚ್ಚಿಸಬೇಡಿ. ಒಂಬತ್ತನೇ ತರಗತಿಗೆ ಓದು ನಿಲ್ಲಿಸಬೇಡಿ. ಮೊಬೈಲಿಗೆ ಬಂದದ್ದನ್ನು ತೂಗಿ ನೋಡದೆ ಮುಂದೆ ಕಳಿಸಬೇಡಿ.

ಅಲ್ಲಾಹನು ನಮಗೆ ಉಪಯುಕ್ತವಾದ ಇಲ್ಮ್ ಕೊಡಲಿ. ಮಾತಿನಲ್ಲೂ ವ್ಯಾಪಾರದಲ್ಲೂ ಬೆರಕೆಯಿಂದ ನಮ್ಮನ್ನು ಕಾಪಾಡಲಿ. ಆಮೀನ್.